ನೋಡಿದ್ದು ಒಂದು ಕಡೆ, ಕರ್ಸರ್ ನಿಂತದ್ದು ಇನ್ನೊಂದು ಕಡೆ: ಕ್ಯಾಮೆರಾ ಆಧಾರಿತ ನೋಟ ಅಂದಾಜಿನ ದೋಷ ನಿವಾರಣೆ

ವ್ಯಕ್ತಿಯೊಬ್ಬರು ಪರದೆಯ ಯಾವ ಬಿಂದುವನ್ನು ನೋಡುತ್ತಿದ್ದಾರೆ ಎಂಬುದನ್ನು ಕ್ಯಾಮೆರಾದ ಚಿತ್ರದಿಂದ ಅಂದಾಜು ಮಾಡುವ ವ್ಯವಸ್ಥೆ ಕೈಕೊಟ್ಟಾಗ ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಮೊದಲು ಅನುಮಾನಿಸಬೇಕು ಎಂಬುದನ್ನು ಈ ಕೈಪಿಡಿಯಲ್ಲಿ ವಿವರಿಸಿದ್ದೇನೆ. ಮೋಟಾರ್ ನ್ಯೂರಾನ್ ಕಾಯಿಲೆಯಿಂದ ಕೈಕಾಲಿನ ಬಲವನ್ನೂ ಮಾತನ್ನೂ ಕಳೆದುಕೊಂಡ ನಮ್ಮ ದೊಡ್ಡಪ್ಪನವರು ಕಣ್ಣಿನ ನೋಟದಿಂದಲೇ ಅಕ್ಷರ ಆರಿಸಿ ಬರೆಯುವಂತಾಗಬೇಕೆಂದು ಮನೆಯಲ್ಲಿ ಇಂಥದೊಂದು ವ್ಯವಸ್ಥೆಯನ್ನು ಜೋಡಿಸಿ ನಡೆಸಿಕೊಂಡು ಬಂದಿದ್ದೇನೆ. ಇಲ್ಲಿರುವುದರಲ್ಲಿ ಹೆಚ್ಚಿನದು ಆ ಕೆಲಸದಲ್ಲಿ ಎದುರಾಗಿ, ಪರಿಹಾರ ಕಂಡದ್ದು.

ಇಂಥ ವ್ಯವಸ್ಥೆ ತಪ್ಪಿದಾಗ ಬಹುತೇಕರು ಮಾಡುವ ಮೊದಲ ಕೆಲಸ ಮತ್ತೊಮ್ಮೆ ಕ್ಯಾಲಿಬ್ರೇಷನ್ ಮಾಡುವುದು, ಎಂದರೆ ಪರದೆಯ ಗೊತ್ತಾದ ಚುಕ್ಕಿಗಳನ್ನು ನೋಡಿಸಿ ಕಣ್ಣಿನ ಚಿತ್ರವನ್ನು ಅವುಗಳ ಜಾಗಕ್ಕೆ ಹೊಂದಿಸುವುದು. ಅದರಿಂದ ತಪ್ಪು ಸ್ವಲ್ಪ ಹೊತ್ತು ಮರೆಯಾಗುತ್ತದೆ, ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ. ದಿನಕ್ಕೆ ಹತ್ತು ಸಲ ಚುಕ್ಕಿಗಳನ್ನು ದಿಟ್ಟಿಸುವ ಶ್ರಮ ಬೀಳುವುದು ಕಣ್ಣೊಂದನ್ನು ಬಿಟ್ಟು ಬೇರೇನನ್ನೂ ಅಲ್ಲಾಡಿಸಲಾಗದ ವ್ಯಕ್ತಿಯ ಮೇಲೆ. ಆದ್ದರಿಂದ ಈ ಬರಹದ ಉದ್ದಕ್ಕೂ ನಾನು ಹಿಡಿದಿರುವ ನಿಯಮ ಒಂದೇ: ದೋಷಕ್ಕೊಂದು ಆಕಾರವಿರುತ್ತದೆ, ಆ ಆಕಾರವನ್ನು ಕಾಗದದ ಮೇಲೆ ಬರೆದು ನೋಡುವವರೆಗೆ ಕೋಡನ್ನಾಗಲಿ ಕ್ಯಾಲಿಬ್ರೇಷನ್ನನ್ನಾಗಲಿ ಮುಟ್ಟಬಾರದು.

ಎಷ್ಟು ತಪ್ಪು ಸಹಜ?

ತಪ್ಪನ್ನು ಪಿಕ್ಸೆಲ್‌ಗಳಲ್ಲಿ ಹೇಳಿದರೆ ಅದು ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ. ಕಣ್ಣಿನಿಂದ ಅಳೆದ ಕೋನಕ್ಕೆ ಅದನ್ನು ಬದಲಿಸಿಕೊಳ್ಳಬೇಕು. ಪರದೆಯಿಂದ 60 ಸೆಂ.ಮೀ. ದೂರದಲ್ಲಿ ಕುಳಿತವರಿಗೆ 1 ಡಿಗ್ರಿ ಎಂದರೆ ಪರದೆಯ ಮೇಲೆ ಸುಮಾರು 1.05 ಸೆಂ.ಮೀ. 15.6 ಇಂಚಿನ ಲ್ಯಾಪ್‌ಟಾಪ್ ಪರದೆಯ ಅಗಲ ಸುಮಾರು 34.5 ಸೆಂ.ಮೀ. ಇರುವುದರಿಂದ, ಅದರಲ್ಲಿ 1920 ಪಿಕ್ಸೆಲ್‌ಗಳಿದ್ದರೆ 1 ಡಿಗ್ರಿಗೆ ಹತ್ತಿರಹತ್ತಿರ 58 ಪಿಕ್ಸೆಲ್ ಬರುತ್ತದೆ.

ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ದೀಪ ಮತ್ತು ಅದಕ್ಕೆ ಹೊಂದುವ ಕ್ಯಾಮೆರಾ ಇರುವ ಸಾಧನ ಒಳ್ಳೆಯ ಸ್ಥಿತಿಯಲ್ಲಿ 0.5ರಿಂದ 1 ಡಿಗ್ರಿಯೊಳಗೆ ನಿಲ್ಲಬಲ್ಲದು. ಮಾಮೂಲಿ ವೆಬ್‌ಕ್ಯಾಮ್ ಆದರೆ 2ರಿಂದ 5 ಡಿಗ್ರಿ ತಪ್ಪುವುದು ಸಾಮಾನ್ಯ. ಇದಕ್ಕಿಂತ ಚೆನ್ನಾಗಿ ಬರಬೇಕೆಂದು ವೆಬ್‌ಕ್ಯಾಮ್ ಜೊತೆ ಗುದ್ದಾಡುವ ಮುನ್ನ ಒಂದು ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು. 1280 ಪಿಕ್ಸೆಲ್ ಅಗಲದ ಚಿತ್ರ ಕೊಡುವ, 60 ಡಿಗ್ರಿ ನೋಟದ ಕ್ಯಾಮೆರಾ 60 ಸೆಂ.ಮೀ. ದೂರದಲ್ಲಿ ಸುಮಾರು 69 ಸೆಂ.ಮೀ. ಅಗಲವನ್ನು ಒಳಗೊಳ್ಳುತ್ತದೆ. ಅಂದರೆ 1 ಮಿ.ಮೀ.ಗೆ 1.85 ಪಿಕ್ಸೆಲ್. ಮನುಷ್ಯನ ಕಣ್ಣಿನ ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಸುಮಾರು 12 ಮಿ.ಮೀ. ಅಗಲವಿರುವುದರಿಂದ ಚಿತ್ರದಲ್ಲಿ ಅದಕ್ಕೆ ಸಿಗುವುದು 22 ಪಿಕ್ಸೆಲ್ ಮಾತ್ರ. ಕಣ್ಣು 1 ಡಿಗ್ರಿ ತಿರುಗಿದಾಗ ಪಾಪೆಯ ಕೇಂದ್ರ ಹೆಚ್ಚೆಂದರೆ 0.2 ಮಿ.ಮೀ. ಸರಿಯುತ್ತದೆ, ಎಂದರೆ ಒಂದು ಪಿಕ್ಸೆಲ್‌ನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಷ್ಟು ಸಣ್ಣ ಸರಿತವನ್ನು ಗದ್ದಲವಿರುವ ಚಿತ್ರದಿಂದ ಹೆಕ್ಕಿ ತೆಗೆಯುತ್ತಿದ್ದೇವೆ ಎಂಬುದು ಮನಸ್ಸಿನಲ್ಲಿದ್ದರೆ, ಮುಂದೆ ಹೇಳುವ ಬೆಳಕು, ತಲೆ, ಕನ್ನಡಕದ ವಿಷಯಗಳು ಯಾಕೆ ಅಷ್ಟು ಮುಖ್ಯ ಎಂಬುದು ತಾನಾಗಿ ತಿಳಿಯುತ್ತದೆ.

ಕೆಳಮಿತಿಯೂ ಒಂದಿದೆ. ಅಕ್ಷಿಪಟಲದಲ್ಲಿ ಸ್ಪಷ್ಟವಾಗಿ ಕಾಣುವ ನಡುಭಾಗವೇ ಒಂದೆರಡು ಡಿಗ್ರಿ ಅಗಲವಿರುವುದರಿಂದ, ಕಣ್ಣನ್ನು ಕರಾರುವಾಕ್ಕಾಗಿ ಚುಕ್ಕಿಯ ಮೇಲೆ ನಿಲ್ಲಿಸದೆಯೂ ವ್ಯಕ್ತಿ ಆ ಚುಕ್ಕಿಯನ್ನು ಚೆನ್ನಾಗಿಯೇ ನೋಡಬಲ್ಲರು. ಅರ್ಧ ಡಿಗ್ರಿಗಿಂತ ಕಡಿಮೆ ತಪ್ಪಿಗಾಗಿ ಮಾಡುವ ಪ್ರಯತ್ನ ಈ ಬಗೆಯ ಉಪಯೋಗಕ್ಕೆ ವ್ಯರ್ಥ.

ಬಾಣಗಳ ಹಾಳೆ

ಕ್ಯಾಲಿಬ್ರೇಷನ್‌ಗೆ ಬಳಸದ ಒಂಬತ್ತು ಬಿಂದುಗಳನ್ನು ಒಂದೊಂದಾಗಿ ತೋರಿಸಿ, ಪ್ರತಿಯೊಂದನ್ನೂ ಎರಡು ಸೆಕೆಂಡು ನೋಡಲು ಹೇಳಿ, ಬಂದ ಅಂದಾಜುಗಳನ್ನೆಲ್ಲ ಉಳಿಸಿಕೊಳ್ಳಬೇಕು. ಕ್ಯಾಲಿಬ್ರೇಷನ್ ಮಾಡಿದ ಬಿಂದುಗಳಲ್ಲೇ ಪರೀಕ್ಷಿಸುವುದು ಉತ್ತರ ಬಾಯಿಪಾಠ ಮಾಡಿಸಿದ ಪ್ರಶ್ನೆಯನ್ನೇ ಪರೀಕ್ಷೆಯಲ್ಲಿ ಕೇಳಿದಂತೆ. ಕಣ್ಣಿನ ಅಳತೆಯನ್ನು ಪರದೆಯ ಬಿಂದುವಾಗಿ ಬದಲಿಸಲು ಬಳಸುವ ಎರಡನೇ ಘಾತದ ಬಹುಪದಿಯಲ್ಲಿ ಅಡ್ಡಕ್ಕೆ ಆರು, ಲಂಬಕ್ಕೆ ಆರು ಗುಣಾಂಕಗಳಿರುತ್ತವೆ. ಒಂಬತ್ತು ಬಿಂದುಗಳಿಂದ ಆರನ್ನು ಕಂಡುಹಿಡಿದಾಗ ಆ ಒಂಬತ್ತರಲ್ಲಿ ತಪ್ಪು ಕಡಿಮೆ ಕಾಣುವುದು ಸಹಜ, ಅದರಿಂದ ಏನೂ ಸಾಬೀತಾಗುವುದಿಲ್ಲ. ಐದೇ ಬಿಂದುಗಳಿಂದ ಆರು ಗುಣಾಂಕ ತೆಗೆಯಲು ಹೊರಟಿದ್ದರೆ ದೋಷ ಅಲ್ಲೇ ಇದೆ.

ಈಗ ಒಂದು ಹಾಳೆಯಲ್ಲಿ ಪರದೆಯ ಚೌಕ ಬರೆದು, ನಿಜವಾದ ಪ್ರತಿ ಬಿಂದುವಿನಿಂದ ಅಂದಾಜುಗಳ ಸರಾಸರಿಯ ಕಡೆಗೆ ಒಂದು ಬಾಣ ಎಳೆಯಬೇಕು, ಅಂದಾಜುಗಳು ಎಷ್ಟು ಅಗಲಕ್ಕೆ ಚೆದುರಿವೆಯೋ ಅಷ್ಟು ದೊಡ್ಡ ವೃತ್ತವನ್ನು ಬಾಣದ ತುದಿಯಲ್ಲಿ ಬರೆಯಬೇಕು. ಬಾಣ ಹೇಳುವುದು ಸರಿತವನ್ನು, ವೃತ್ತ ಹೇಳುವುದು ನಡುಕವನ್ನು. ಇವೆರಡರ ಕಾರಣಗಳು ಬೇರೆಬೇರೆಯಾಗಿದ್ದು, ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಪ್ರಯೋಜನವಿಲ್ಲ. ನಡುಕ ಕಡಿಮೆ ಮಾಡಲೆಂದು ಸರಾಸರಿಯ ಫ್ರೇಮ್‌ಗಳನ್ನು ಹೆಚ್ಚಿಸುತ್ತಾ ಹೋದವರು, ಸರಿತ ಹಾಗೆಯೇ ಉಳಿದು ಕರ್ಸರ್ ಮಾತ್ರ ನಿಧಾನವಾಯಿತೆಂದು ಹೇಳುವುದನ್ನು ಹಲವು ಬಾರಿ ಕೇಳಿದ್ದೇನೆ.

ಇದರ ಜೊತೆಗೆ ಅದೇ ಹೊತ್ತಿನ ಕಚ್ಚಾ ವಿಡಿಯೊವನ್ನು, ಕಣ್ಣಿನ ಭಾಗವನ್ನು ದೊಡ್ಡದು ಮಾಡಿ, ಒಂದು ನಿಮಿಷದಷ್ಟಾದರೂ ಉಳಿಸಿಕೊಳ್ಳಬೇಕು. ಪ್ರೋಗ್ರಾಮ್ ಗುರುತಿಸಿದ ಪಾಪೆಯ ಕೇಂದ್ರ, ಕಣ್ಣಿನ ಮೂಲೆಗಳು ಮತ್ತು (ಇನ್‌ಫ್ರಾರೆಡ್ ದೀಪವಿದ್ದರೆ) ಕಣ್ಣಿನ ಮೇಲೆ ಮೂಡುವ ಅದರ ಹೊಳಪುಚುಕ್ಕಿಯನ್ನು ಆ ಚಿತ್ರದ ಮೇಲೆಯೇ ಬಣ್ಣದಲ್ಲಿ ಬರೆಸಿಕೊಂಡು ಫ್ರೇಮ್ ಫ್ರೇಮಾಗಿ ನೋಡಿದರೆ, ಅರ್ಧದಷ್ಟು ದೋಷಗಳು ಕಣ್ಣಿಗೇ ಕಾಣಿಸುತ್ತವೆ.

ಬಾಣಗಳೆಲ್ಲ ಒಂದೇ ದಿಕ್ಕಿಗೆ, ಒಂದೇ ಉದ್ದಕ್ಕೆ ಇದ್ದರೆ

ಮೊದಲು ಕಣ್ಣಿಗೆ ಸಂಬಂಧವಿಲ್ಲದ ಕಾರಣವನ್ನು ತಳ್ಳಿಹಾಕಬೇಕು. ಅಂದಾಜು ಇಡೀ ಪರದೆಯ ಅಳತೆಯಲ್ಲಿದ್ದು ಕರ್ಸರನ್ನು ಬ್ರೌಸರ್ ಕಿಟಕಿಯ ಒಳಗಿನ ಅಳತೆಯಲ್ಲಿ ಬರೆದರೆ, ವಿಳಾಸಪಟ್ಟಿಯ ಎತ್ತರದಷ್ಟು ಕರ್ಸರ್ ಎಲ್ಲ ಕಡೆಯೂ ಕೆಳಗೆ ಬೀಳುತ್ತದೆ. ಈ ತಪ್ಪು ಯಾರು ಕುಳಿತರೂ, ಎಷ್ಟು ಹೊತ್ತಿಗೆ ಕುಳಿತರೂ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ. ಜೀವಂತ ಕಣ್ಣಿನಿಂದ ಬರುವ ಯಾವ ತಪ್ಪೂ ಅಷ್ಟು ನಿಷ್ಠುರವಾಗಿ ಒಂದೇ ಆಗಿರುವುದಿಲ್ಲ.

ತಪ್ಪು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತಿದ್ದರೆ ಒಬ್ಬರ ಕ್ಯಾಲಿಬ್ರೇಷನ್ ಇನ್ನೊಬ್ಬರಿಗೆ ಬಳಕೆಯಾಗುತ್ತಿರಬಹುದು. ಕಣ್ಣಿನ ಹೊರರೂಪದಿಂದ ಲೆಕ್ಕ ಹಾಕುವ ಅಕ್ಷಕ್ಕೂ ವ್ಯಕ್ತಿ ನಿಜವಾಗಿ ನೋಡುವ ರೇಖೆಗೂ ಅಡ್ಡಡ್ಡಲಾಗಿ ಸರಾಸರಿ 5 ಡಿಗ್ರಿಯಷ್ಟು ಅಂತರವಿರುತ್ತದೆ. ಈ ಅಂತರ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ, ಅದಕ್ಕಾಗಿಯೇ ಪ್ರತಿಯೊಬ್ಬರಿಗೂ ಬೇರೆ ಕ್ಯಾಲಿಬ್ರೇಷನ್ ಬೇಕು. ಎರಡೂ ಕಣ್ಣುಗಳಲ್ಲಿ ಈ ಅಂತರ ಮೂಗಿನ ಕಡೆಗೇ ಇರುವುದರಿಂದ, ಎಡಬಲಗಳ ಸರಾಸರಿ ತೆಗೆದಾಗ ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ಹೀಗಾಗಿ ಎರಡು ಕಣ್ಣಿನ ಲೆಕ್ಕದಲ್ಲಿ ಸರಿಯಾಗಿದ್ದು ಒಂದು ಕಣ್ಣು ಮುಚ್ಚಿದ ಕೂಡಲೇ ಅಂದಾಜು ಪಕ್ಕಕ್ಕೆ ಹಾರಿದರೆ ಆಶ್ಚರ್ಯಪಡಬೇಕಾಗಿಲ್ಲ.

ಇವೆರಡೂ ಅಲ್ಲದಿದ್ದರೆ ಉಳಿಯುವುದು ತಲೆ. ನನಗೆ ಹೆಚ್ಚು ದಿನ ಹಿಡಿಸಿದ ದೋಷ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದೊಡ್ಡಪ್ಪನವರು ಬೆಳಿಗ್ಗೆ ಸಲೀಸಾಗಿ ಬರೆಯುತ್ತಿದ್ದರು. ಊಟವಾದ ಮೇಲೆ, ಸುಮಾರು ಮೂರು ಗಂಟೆಯ ಹೊತ್ತಿಗೆ, ಅವರು ಆರಿಸಲು ಹೊರಟ ಅಕ್ಷರದ ಬದಲು ಅದರ ಮೇಲಿನ ಸಾಲಿನ ಅಕ್ಷರ ಬೀಳುತ್ತಿತ್ತು. ‘ನೀರು’ ಎಂಬ ಎರಡಕ್ಷರ ಮೂಡಿಸಲು ಅವರು ಆರೇಳು ನಿಮಿಷ ಹೆಣಗಿದ್ದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಪಶ್ಚಿಮದ ಕಿಟಕಿಯ ಬಿಸಿಲೇ ಕಾರಣವೆಂದು ಪರದೆ ಎಳೆದೆ, ದೀಪ ಬದಲಿಸಿದೆ, ಸಾಫ್ಟ್‌ವೇರಿನ ಹಳೆಯ ಆವೃತ್ತಿಗೆ ಮರಳಿದೆ. ಕೊನೆಗೆ ಬೆಳಗಿನ ವಿಡಿಯೊದ ಒಂದು ಫ್ರೇಮನ್ನೂ ಮಧ್ಯಾಹ್ನದ ಒಂದು ಫ್ರೇಮನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ, ಮಧ್ಯಾಹ್ನದ ಕಣ್ಣುಗಳು ಚಿತ್ರದಲ್ಲಿ 70 ಪಿಕ್ಸೆಲ್‌ಗಿಂತ ಹೆಚ್ಚು ಕೆಳಗಿದ್ದವು. ಹಿಂದಕ್ಕೆ ಒರಗಿದ ಕುರ್ಚಿಯಲ್ಲಿ ಅವರ ದೇಹ ಗಂಟೆಗಂಟೆಗೆ ಸ್ವಲ್ಪಸ್ವಲ್ಪವೇ ಜಾರಿ, ಮೂರು ಗಂಟೆಯ ಹೊತ್ತಿಗೆ ತಲೆ 4 ಸೆಂ.ಮೀ.ನಷ್ಟು ತಗ್ಗಿತ್ತು. ಕಣ್ಣು 4 ಸೆಂ.ಮೀ. ಕೆಳಗಿಳಿದರೆ ಅದೇ ಅಕ್ಷರವನ್ನು ನೋಡಲು ಅದು ಸುಮಾರು 4 ಡಿಗ್ರಿ ಮೇಲಕ್ಕೆ ತಿರುಗಬೇಕು. ತಲೆಯ ಜಾಗ ಬದಲಾದದ್ದನ್ನು ಅರಿಯದ ಪ್ರೋಗ್ರಾಮ್ ಅವರು ಮೇಲಿನ ಸಾಲನ್ನು ನೋಡುತ್ತಿದ್ದಾರೆಂದು ತೀರ್ಮಾನಿಸುತ್ತಿತ್ತು. ಪರಿಹಾರವಾದದ್ದು ತೊಡೆಯ ಕೆಳಗೆ ಮಡಿಸಿಟ್ಟ ಒಂದು ಕಂಬಳಿ. ಆಮೇಲೆ ಪ್ರೋಗ್ರಾಮಿನಲ್ಲಿಯೂ ಒಂದು ಬದಲಾವಣೆ ಮಾಡಿದೆ: ಕ್ಯಾಲಿಬ್ರೇಷನ್ ಹೊತ್ತಿನಲ್ಲಿ ಕಣ್ಣುಗಳಿದ್ದ ಜಾಗವನ್ನು ನೆನಪಿಟ್ಟು, ಅಲ್ಲಿಂದ 1.5 ಸೆಂ.ಮೀ.ಗಿಂತ ಹೆಚ್ಚು ಸರಿದರೆ ಪರದೆಯ ಮೂಲೆಯಲ್ಲಿ ಹಳದಿ ಗುರುತು ಬೆಳಗುವಂತೆ ಮಾಡಿದೆ. ನೋಡಿಕೊಳ್ಳುವವರು ಅದನ್ನು ಕಂಡು ದಿಂಬು ಸರಿಮಾಡುತ್ತಾರೆ.

ಇನ್‌ಫ್ರಾರೆಡ್ ಸಾಧನಗಳಲ್ಲಿ ಈ ತೊಂದರೆ ಕಡಿಮೆ. ದೀಪದ ಬೆಳಕು ಕಾರ್ನಿಯಾದ, ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಮೇಲೆ ಒಂದು ಹೊಳಪುಚುಕ್ಕಿಯಾಗಿ ಮೂಡುತ್ತದೆ, ಅದರಿಂದ ಪಾಪೆಯ ಕೇಂದ್ರಕ್ಕೆ ಇರುವ ಅಂತರವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ತಲೆ ತುಸು ಸರಿದಾಗ ಎರಡೂ ಒಟ್ಟಿಗೆ ಸರಿಯುವುದರಿಂದ ಅಂತರ ಹೆಚ್ಚು ಕೆಡುವುದಿಲ್ಲ. ಆದರೂ ಸೆಂಟಿಮೀಟರುಗಟ್ಟಲೆ ಸರಿದರೆ, ವಿಶೇಷವಾಗಿ ಒಂದೇ ದೀಪವಿದ್ದಲ್ಲಿ, ಅಲ್ಲಿಯೂ ತಪ್ಪು ಬರುತ್ತದೆ.

ಜಾಗದಿಂದ ಜಾಗಕ್ಕೆ ಬದಲಾಗುವ ಬಾಣಗಳು

ಪರದೆಯ ಎಡಮೇಲಿನ ಮೂಲೆಯಲ್ಲಿ ತಪ್ಪಿಲ್ಲದೆ, ಬಲಕ್ಕೂ ಕೆಳಕ್ಕೂ ಹೋದಷ್ಟು ಬಾಣ ಉದ್ದವಾಗುತ್ತಿದ್ದರೆ, ಕ್ಯಾಮೆರಾವನ್ನು ಬಿಟ್ಟು ಡಿಸ್‌ಪ್ಲೇ ಸೆಟ್ಟಿಂಗ್ ತೆರೆಯಬೇಕು. ವಿಂಡೋಸ್‌ನಲ್ಲಿ ಅಕ್ಷರಗಳು ದೊಡ್ಡದಾಗಿ ಕಾಣಲೆಂದು 125 ಶೇಕಡಾ ಅಳತೆ ಇಟ್ಟಿದ್ದಾಗ, 1920ಕ್ಕೆ 1080ರ ಪರದೆ ಕೆಲವು ಪ್ರೋಗ್ರಾಮ್‌ಗಳಿಗೆ 1536ಕ್ಕೆ 864ರ ಪರದೆಯಾಗಿ ಕಾಣುತ್ತದೆ. ಒಂದು ಭಾಗ ಒಂದು ಅಳತೆಯನ್ನೂ ಇನ್ನೊಂದು ಭಾಗ ಇನ್ನೊಂದನ್ನೂ ಬಳಸಿದರೆ ಬಲ ಅಂಚಿನಲ್ಲಿ 384 ಪಿಕ್ಸೆಲ್ ಅಂತರ ಬರುತ್ತದೆ. ಮೂಲೆಯೊಂದರಲ್ಲಿ ಶೂನ್ಯವಾಗಿ ಅಲ್ಲಿಂದ ನೇರ ಅನುಪಾತದಲ್ಲಿ ಬೆಳೆಯುವುದೇ ಇದರ ಸಹಿ.

ಬಾಣಗಳು ಪರದೆಯ ನಡುವಿನ ಕಡೆಗೆ ಮುಖ ಮಾಡಿದ್ದರೆ ವ್ಯಕ್ತಿ ಕ್ಯಾಲಿಬ್ರೇಷನ್ ಹೊತ್ತಿಗಿಂತ ಹಿಂದೆ ಸರಿದಿದ್ದಾರೆ. ದೂರ ಹೋದಷ್ಟೂ ಅಂಚನ್ನು ನೋಡಲು ಕಣ್ಣು ತಿರುಗಬೇಕಾದ ಕೋನ ಕಡಿಮೆಯಾಗುತ್ತದೆ. ಬಾಣಗಳು ಹೊರಕ್ಕೆ ಚಾಚಿದ್ದರೆ ಮುಂದೆ ಬಂದಿದ್ದಾರೆ. ಎಡಕ್ಕೆ ನೋಡಿದರೆ ಕರ್ಸರ್ ಬಲಕ್ಕೆ ಓಡುವುದು ಕ್ಯಾಮೆರಾದ ಚಿತ್ರ ಕನ್ನಡಿಯಂತೆ ತಿರುಗಿರುವುದರಿಂದ. ಕೋಡಿನಲ್ಲಿ ಒಂದೇ ಸಾಲಿನ ಬದಲಾವಣೆ ಸಾಕು. ನಡುವೆ ಸರಿಯಾಗಿದ್ದು ನಾಲ್ಕು ಮೂಲೆಗಳಲ್ಲಿ ಮಾತ್ರ ಕರ್ಸರ್ ಹುಚ್ಚೆದ್ದು ಹಾರಿದರೆ, ಕ್ಯಾಲಿಬ್ರೇಷನ್ ಬಿಂದುಗಳು ಅಂಚಿನಿಂದ ಬಹಳ ಒಳಗಿವೆ ಎಂದು ಅರ್ಥ. ಬಹುಪದಿಯನ್ನು ಅದು ಕಂಡ ಬಿಂದುಗಳ ಆಚೆಗೆ ನಂಬಬಾರದು.

ಅಡ್ಡಡ್ಡಲಾಗಿ ಸರಿಯಿದ್ದು ಮೇಲೆಕೆಳಗಿನ ಅಂದಾಜು ಮಾತ್ರ ಕೆಟ್ಟಿದ್ದರೆ, ಅದರಲ್ಲೂ ಪರದೆಯ ಕೆಳಸಾಲಿನಲ್ಲಿ ಕೆಟ್ಟಿದ್ದರೆ, ಕಾರಣ ಹೆಚ್ಚಾಗಿ ರೆಪ್ಪೆ. ಕೆಳಗೆ ನೋಡಿದಾಗ ಮೇಲಿನ ರೆಪ್ಪೆ ಕಣ್ಣಿನ ಜೊತೆಗೇ ಇಳಿದು ಐರಿಸಿನ ಮೇಲಂಚನ್ನು ಮುಚ್ಚುತ್ತದೆ. ಲ್ಯಾಪ್‌ಟಾಪಿನ ಕ್ಯಾಮೆರಾ ಪರದೆಯ ಮೇಲ್ತುದಿಯಲ್ಲಿರುವುದರಿಂದ ಅದಕ್ಕೆ ಕಾಣುವುದು ರೆಪ್ಪೆಯೇ ಹೆಚ್ಚು. ಮಾರುಕಟ್ಟೆಯ ಇನ್‌ಫ್ರಾರೆಡ್ ಸಾಧನಗಳನ್ನು ಸಾಮಾನ್ಯವಾಗಿ ಪರದೆಯ ಕೆಳಗೆ ಅಂಟಿಸುವುದು ಇದೇ ಕಾರಣಕ್ಕೆ. ಬೇರೆ ಯುಎಸ್‌ಬಿ ಕ್ಯಾಮೆರಾ ಇದ್ದರೆ ಅದನ್ನು ಪರದೆಯ ಕೆಳಂಚಿನಲ್ಲಿಟ್ಟು ಹೊಸದಾಗಿ ಕ್ಯಾಲಿಬ್ರೇಷನ್ ಮಾಡಿದರೆ ವ್ಯತ್ಯಾಸ ಆ ಕ್ಷಣವೇ ತಿಳಿಯುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಐರಿಸಿನ ಬಣ್ಣ ಗಾಢ ಕಂದು. ಮಾಮೂಲಿ ಬೆಳಕಿನಲ್ಲಿ ಅದಕ್ಕೂ ಕಪ್ಪು ಪಾಪೆಗೂ ವ್ಯತ್ಯಾಸ ಕಾಣದ ಕಾರಣ ವೆಬ್‌ಕ್ಯಾಮ್ ಪದ್ಧತಿಗಳು ಐರಿಸಿನ ಹೊರ ಅಂಚನ್ನೇ ನಂಬಬೇಕಾಗುತ್ತದೆ, ರೆಪ್ಪೆ ಮುಚ್ಚುವುದೂ ಆ ಅಂಚನ್ನೇ. ಇನ್‌ಫ್ರಾರೆಡ್ ಬೆಳಕಿನಲ್ಲಿ ಕಂದು ಐರಿಸ್ ತಿಳಿಯಾಗಿ ಕಂಡು ಪಾಪೆ ಸ್ಪಷ್ಟ ಕಪ್ಪು ವೃತ್ತವಾಗಿ ಎದ್ದು ತೋರುತ್ತದೆ. ನಾನು ಕೊನೆಗೆ ಇನ್‌ಫ್ರಾರೆಡ್ ಕ್ಯಾಮೆರಾಗೆ ಬದಲಾಯಿಸಿದ್ದು ಮುಖ್ಯವಾಗಿ ಈ ಒಂದು ಲಾಭಕ್ಕಾಗಿ.

ನಡುಗುವ ಕರ್ಸರ್

ಬಾಣ ಚಿಕ್ಕದು, ವೃತ್ತ ದೊಡ್ಡದು ಎಂದಾದರೆ ಮೊದಲ ಅನುಮಾನ ಬೆಳಕಿನ ಮೇಲೆ. ನಮ್ಮ ಮನೆಗಳ ವಿದ್ಯುತ್ 50 ಹರ್ಟ್ಸ್ ಆಗಿರುವುದರಿಂದ ಹಳೆಯ ಚೋಕ್ ಇರುವ ಟ್ಯೂಬ್‌ಲೈಟೂ ಕಡಿಮೆ ಬೆಲೆಯ ಎಷ್ಟೋ ಎಲ್‌ಇಡಿ ಬಲ್ಬುಗಳೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್ ಹಿಡಿಯುತ್ತಿದ್ದು ಪ್ರತಿ ಫ್ರೇಮಿಗೆ ತೆರೆದಿರುವ ಅವಧಿ 10 ಮಿಲಿಸೆಕೆಂಡಿನ ಪೂರ್ಣ ಗುಣಕವಾಗಿಲ್ಲದಿದ್ದರೆ, ಚಿತ್ರದ ಹೊಳಪು ಸೆಕೆಂಡಿಗೆ 10 ಬಾರಿ ಏರಿಳಿಯುತ್ತದೆ ಅಥವಾ ಚಿತ್ರದಲ್ಲಿ ಅಡ್ಡಪಟ್ಟೆಗಳು ಹರಿಯುತ್ತವೆ. ಕರ್ಸರ್ ಕೂಡ ಅದೇ ತಾಳಕ್ಕೆ ನಡುಗುತ್ತದೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಪವರ್‌ಲೈನ್ ಫ್ರೀಕ್ವೆನ್ಸಿ 60 ಹರ್ಟ್ಸ್ ಎಂದಿದ್ದರೆ ಅದನ್ನು 50ಕ್ಕೆ ಬದಲಿಸಬೇಕು. ಎಕ್ಸ್‌ಪೋಷರನ್ನು, ಎಂದರೆ ಈ ತೆರೆದಿರುವ ಅವಧಿಯನ್ನು, ಕೈಯಾರೆ 10 ಅಥವಾ 20 ಮಿಲಿಸೆಕೆಂಡಿಗೆ ನಿಲ್ಲಿಸಬಹುದು. ಹಗಲಿನ ಬೆಳಕಿನಲ್ಲಿ ಸರಿಯಿದ್ದು ಸಂಜೆ ದೀಪ ಹಾಕಿದ ಮೇಲೆ ನಡುಗುವ ವ್ಯವಸ್ಥೆಗೆ ಇದು ಬಹುಮಟ್ಟಿಗೆ ಖಚಿತವಾದ ಮದ್ದು.

ಕೋಣೆ ಮಬ್ಬಾಗಿದ್ದರೆ ಸ್ವಯಂಚಾಲಿತ ಎಕ್ಸ್‌ಪೋಷರ್ ಫ್ರೇಮ್‌ಗಳ ವೇಗವನ್ನು ಸದ್ದಿಲ್ಲದೆ ಅರ್ಧಕ್ಕೆ ಇಳಿಸಿಬಿಡುತ್ತದೆ. ಆದ್ದರಿಂದ ಪ್ರೋಗ್ರಾಮ್ ಕೇಳಿದ ವೇಗವನ್ನು ನಂಬದೆ ನಿಜವಾಗಿ ಬಂದ ಫ್ರೇಮ್‌ಗಳನ್ನು ಎಣಿಸಬೇಕು. ಪರದೆಯ ಹೊಳಪು ಬದಲಾದಾಗ ಪಾಪೆ ಕುಗ್ಗಿ ಹಿಗ್ಗುತ್ತದೆ ಎಂಬುದೂ ಇಲ್ಲಿ ಸೇರುತ್ತದೆ. ಪಾಪೆ ಕುಗ್ಗುವಾಗ ಅದರ ಕೇಂದ್ರವೂ ಅಲ್ಪ ಸರಿಯುವುದರಿಂದ, ಕಪ್ಪು ಹಿನ್ನೆಲೆಯಲ್ಲಿ ಕ್ಯಾಲಿಬ್ರೇಷನ್ ಮಾಡಿ ಬಿಳಿ ಹಿನ್ನೆಲೆಯ ಕೀಲಿಮಣೆ ತೆರೆದರೆ ತಪ್ಪು ಬರುವುದು ಅನಿವಾರ್ಯ. ಎರಡಕ್ಕೂ ಒಂದೇ ಹಿನ್ನೆಲೆ ಇರಲಿ.

ನಡುಕದ ಬದಲು ಆಗೊಮ್ಮೆ ಈಗೊಮ್ಮೆ ದೂರಕ್ಕೆ ನೆಗೆತವಿದ್ದರೆ, ಪ್ರೋಗ್ರಾಮ್ ಬೇರೆ ಯಾವುದನ್ನೋ ಕಣ್ಣಿನ ಭಾಗವೆಂದು ಹಿಡಿಯುತ್ತಿದೆ. ಕನ್ನಡಕದ ಗಾಜಿನಲ್ಲಿ ಕಾಣುವ ಕಿಟಕಿ, ಟ್ಯೂಬ್‌ಲೈಟ್, ಪರದೆಯ ಪ್ರತಿಬಿಂಬಗಳು ಇದರಲ್ಲಿ ಮೊದಲನೆಯವು. ಯಾವ ಹೊಳಪು ಎಲ್ಲಿಂದ ಬಂತೆಂದು ತಿಳಿಯಲು ಸುಲಭದ ದಾರಿ ಎಂದರೆ, ವಿಡಿಯೊ ನೋಡುತ್ತಾ ಇನ್‌ಫ್ರಾರೆಡ್ ದೀಪಕ್ಕೆ ಅಂಗೈ ಅಡ್ಡ ಹಿಡಿಯುವುದು. ಮಾಯವಾದದ್ದು ದೀಪದ್ದು, ಉಳಿದದ್ದು ಹೊರಗಿನದು. ಮಾಯವಾದವುಗಳಲ್ಲಿಯೂ ತಲೆ ತುಸು ವಾಲಿಸಿದಾಗ ಸರ್ರನೆ ಜಾರುವ ದೊಡ್ಡ ಹೊಳಪು ಗಾಜಿನದು, ಪಾಪೆಯ ಹತ್ತಿರವೇ ಉಳಿಯುವ ಸಣ್ಣ ಚುಕ್ಕಿ ಕಾರ್ನಿಯಾದ್ದು. ಕನ್ನಡಕಕ್ಕೆ ಪ್ರತಿಫಲನ ತಡೆಯುವ ಲೇಪನವಿದ್ದರೂ ಅದು ಕಣ್ಣಿಗೆ ಕಾಣುವ ಬೆಳಕಿಗಾಗಿ ಮಾಡಿದ್ದು, ಇನ್‌ಫ್ರಾರೆಡ್‌ಗೆ ಅದರಿಂದ ಸಹಾಯವಾಗುತ್ತದೆಂಬ ಖಾತರಿಯಿಲ್ಲ. ದೀಪವನ್ನು ಕ್ಯಾಮೆರಾದಿಂದ ಒಂದು ಗೇಣು ಪಕ್ಕಕ್ಕೆ ಸರಿಸುವುದು, ಕನ್ನಡಕವನ್ನು ಮೂಗಿನ ಮೇಲೆ ಸ್ವಲ್ಪ ವಾಲಿಸಿ ನೋಡುವುದು ಹೆಚ್ಚು ಫಲ ಕೊಡುತ್ತದೆ.

ಕಣ್ಣಿಗೆ ಹಚ್ಚಿದ ಕಾಡಿಗೆ ಎರಡನೆಯದು. ಕಪ್ಪು ವೃತ್ತವನ್ನು ಹುಡುಕುವ ಪ್ರೋಗ್ರಾಮಿಗೆ ದಪ್ಪ ಕಾಡಿಗೆಯ ಗೆರೆಯೂ ಕಪ್ಪೇ. ಪೊರೆಯ ಶಸ್ತ್ರಚಿಕಿತ್ಸೆಯಾಗಿ ಕೃತಕ ಮಸೂರ ಇಟ್ಟಿರುವ ಹಿರಿಯರ ಕಣ್ಣಿನಲ್ಲಿ ಆ ಮಸೂರವೇ ಪಾಪೆಯೊಳಗೆ ಇನ್ನೊಂದು ಹೊಳಪನ್ನು ಮೂಡಿಸಬಹುದು. ಆಗ ಹೊಳಪುಚುಕ್ಕಿಯ ಗಾತ್ರ ಮತ್ತು ದೀಪಗಳ ನಡುವಿನ ಅಂತರಕ್ಕೆ ಹೊಂದುವ ಜೋಡಿಯನ್ನು ಮಾತ್ರ ಒಪ್ಪುವಂತೆ ನಿಯಮ ಬಿಗಿಗೊಳಿಸಬೇಕು. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿರುವುದರಿಂದ ಕಿಟಕಿಯ ಎದುರಿನ ಆಸನ ಸಲ್ಲದು. 940 ನ್ಯಾನೊಮೀಟರಿನ ಸುತ್ತಲಿನ ಬಿಸಿಲನ್ನು ಗಾಳಿಯ ನೀರಾವಿ ಸಾಕಷ್ಟು ಹೀರುವ ಕಾರಣ, 850ರ ದೀಪಕ್ಕಿಂತ 940ರ ದೀಪ ಹಗಲಿನಲ್ಲಿ ಮೇಲು, ಆದರೆ ಕ್ಯಾಮೆರಾದ ಸಿಲಿಕಾನ್ ಸಂವೇದಕಕ್ಕೆ 940ರಲ್ಲಿ ಸಂವೇದನೆ ಕಡಿಮೆ. ದೀಪವನ್ನು ಸ್ವತಃ ಜೋಡಿಸುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು: ಕಾಣದ ಬೆಳಕಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಚಿತ್ರ ಮಬ್ಬೆಂದು ದೀಪದ ಕರೆಂಟ್ ಏರಿಸುತ್ತಾ ಹೋಗಬಾರದು. ದೀಪಗಳ ಕಣ್ಣಿನ ಸುರಕ್ಷತೆಗೆ ಸಂಬಂಧಿಸಿದ ಐಇಸಿ 62471 ಮಾನದಂಡದ ಮಿತಿಗಳಿಗೆ ಒಳಪಟ್ಟ ದೀಪಗಳನ್ನೇ ಬಳಸಬೇಕು.

ಮೂರನೆಯ ಕಾರಣ ಎವೆ ಬಡಿಯುವುದು. ಒಂದು ಬಡಿತ 100ರಿಂದ 400 ಮಿಲಿಸೆಕೆಂಡು, ಎಂದರೆ ಮೂರರಿಂದ ಹನ್ನೆರಡು ಫ್ರೇಮ್ ಹಿಡಿಯುತ್ತದೆ. ಚಿತ್ರದಲ್ಲಿ ಮುಖದ ಬಿಂದುಗಳನ್ನು ಗುರುತಿಸುವ, ಗೂಗಲ್‌ನ ಮೀಡಿಯಾಪೈಪ್ ಸಾಫ್ಟ್‌ವೇರಿನ ಮುಖಜಾಲದಂಥ ಮಾದರಿಗಳು ಕಣ್ಣು ಮುಚ್ಚಿದ್ದಾಗಲೂ ಐರಿಸ್ ಇಲ್ಲಿದೆಯೆಂದು ಊಹಿಸಿ ಬಿಂದುಗಳನ್ನು ಕೊಡುತ್ತಲೇ ಇರುತ್ತವೆ. ರೆಪ್ಪೆಗಳ ನಡುವಿನ ಎತ್ತರವನ್ನು ಕಣ್ಣಿನ ಅಗಲಕ್ಕೆ ಹೋಲಿಸಿ, ಅದು ಮಿತಿಗಿಂತ ಕಡಿಮೆಯಾದ ಫ್ರೇಮ್‌ಗಳನ್ನೂ ಅವುಗಳ ಹಿಂದುಮುಂದಿನ ಎರಡೆರಡು ಫ್ರೇಮ್‌ಗಳನ್ನೂ ಕೈಬಿಡಬೇಕು. ಇದೇ ಮಾದರಿಯಲ್ಲಿ ಐರಿಸ್ ಬಿಂದುಗಳೇ ಸಿಗುತ್ತಿಲ್ಲವೆಂದರೆ, ಮುಖದ 468 ಬಿಂದುಗಳ ಮೇಲೆ ಐರಿಸಿನ 10 ಬಿಂದುಗಳನ್ನು ಸೇರಿಸುವ ಆಯ್ಕೆಯನ್ನು ಬೇರೆಯಾಗಿ ಚಾಲನೆ ಮಾಡಿದ್ದೀರೋ ಇಲ್ಲವೋ ನೋಡಿ.

ತಡವಾಗಿ ಬರುವ ಕರ್ಸರ್

30 ಫ್ರೇಮ್ ವೇಗದಲ್ಲಿ 15 ಫ್ರೇಮ್‌ಗಳ ಸರಾಸರಿ ತೆಗೆದರೆ ಸುಮಾರು 230 ಮಿಲಿಸೆಕೆಂಡು ತಡ ತಾನಾಗಿ ಸೇರುತ್ತದೆ. ಅದಕ್ಕಿಂತ ಹೆಚ್ಚು ತಡವಿದ್ದರೆ ಫೋನಿನ ಸ್ಟಾಪ್‌ವಾಚನ್ನು ಕ್ಯಾಮೆರಾದ ಮುಂದೆ ಹಿಡಿದು, ಅದನ್ನೂ ಪರದೆಯಲ್ಲಿ ಕಾಣುವ ಅದರ ಚಿತ್ರವನ್ನೂ ಇನ್ನೊಂದು ಫೋನಿನಿಂದ ಒಟ್ಟಿಗೆ ಫೋಟೊ ತೆಗೆಯಿರಿ. ಎರಡರ ನಡುವಿನ ವ್ಯತ್ಯಾಸವೇ ಕ್ಯಾಮೆರಾದ ದಾರಿಯಲ್ಲಾಗುವ ತಡ. ಓದದೆ ಉಳಿದ ಹಳೆಯ ಫ್ರೇಮ್‌ಗಳು ಸರದಿಯಲ್ಲಿ ಕಾದಿರುವುದು ಇದಕ್ಕೆ ಸಾಮಾನ್ಯ ಕಾರಣ.

ಕ್ಯಾಲಿಬ್ರೇಷನ್ನೇ ಕೆಟ್ಟಿರುವುದು

ಚುಕ್ಕಿ ಹೊಸ ಜಾಗಕ್ಕೆ ಹಾರಿದ ಕೂಡಲೇ ಕಣ್ಣು ಅಲ್ಲಿಗೆ ಹಾರುವುದಿಲ್ಲ, ಹೊರಡಲೇ 200 ಮಿಲಿಸೆಕೆಂಡಿನಷ್ಟು ಬೇಕು. ಚುಕ್ಕಿ ಕಂಡ ಕ್ಷಣದಿಂದಲೇ ದಾಖಲಿಸುವ ಪ್ರೋಗ್ರಾಮ್ ಹಿಂದಿನ ಚುಕ್ಕಿಯ ನೋಟವನ್ನು ಹೊಸ ಚುಕ್ಕಿಯ ಹೆಸರಿನಲ್ಲಿ ಬರೆದುಕೊಳ್ಳುತ್ತದೆ. ಚುಕ್ಕಿಗಳು ಯಾವಾಗಲೂ ಎಡದಿಂದ ಬಲಕ್ಕೆ ಬರುತ್ತಿದ್ದರೆ ಇಡೀ ನಕ್ಷೆ ಒಂದು ಕಡೆಗೆ ವಾಲುತ್ತದೆ. ಪ್ರತಿ ಚುಕ್ಕಿಯ ಮೊದಲ 700 ಮಿಲಿಸೆಕೆಂಡಿನ ದಾಖಲೆ ಬಿಟ್ಟು, ಚುಕ್ಕಿಗಳ ಕ್ರಮವನ್ನು ಕಲಸಿದರೆ ಈ ವಾಲುವಿಕೆ ಹೋಗುತ್ತದೆ. ದೊಡ್ಡ ಚುಕ್ಕಿ ತೋರಿಸಿ ಅದನ್ನು ನಿಧಾನವಾಗಿ ಕುಗ್ಗಿಸುವುದು ಇನ್ನೂ ಒಳ್ಳೆಯದು, ಏಕೆಂದರೆ ಕುಗ್ಗುವ ವಸ್ತುವಿನ ನಡುವಿಗೆ ಕಣ್ಣು ತಾನಾಗಿ ಹೋಗುತ್ತದೆ.

ಮೆಳ್ಳೆಗಣ್ಣು ಇರುವವರಲ್ಲಿ ಎರಡು ಕಣ್ಣುಗಳು ಎರಡು ಕಡೆ ತೋರುವುದರಿಂದ ಸರಾಸರಿ ತೆಗೆಯುವುದು ತಪ್ಪು, ಅವರು ನೋಡಲು ಬಳಸುವ ಕಣ್ಣನ್ನು ಮಾತ್ರ ಹಿಡಿಯಬೇಕು. ಒಂದು ಕಣ್ಣಿನ ರೆಪ್ಪೆ ಜೋತಿರುವವರಿಗೂ ಇದೇ ಮಾತು.

ಕ್ಯಾಲಿಬ್ರೇಷನ್ ಬದಲು ದೊಡ್ಡ ದತ್ತಾಂಶದಿಂದ ಕಲಿತ ಮಾದರಿಯನ್ನು ಬಳಸುವವರು, ಆ ದತ್ತಾಂಶದಲ್ಲಿ ಯಾರು ಹೇಗೆ ಕುಳಿತಿದ್ದರು ಎಂಬುದನ್ನು ನೋಡಬೇಕು. 2015ರ ಎಂಪಿಐಐಗೇಜ್ ದತ್ತಾಂಶದಲ್ಲಿರುವುದು ಲ್ಯಾಪ್‌ಟಾಪ್ ಮುಂದೆ ದಿನನಿತ್ಯದ ಕೆಲಸ ಮಾಡುತ್ತಿದ್ದ 15 ಜನ. ದಿಂಬಿಗೆ ಒರಗಿ ತಲೆ ಒಂದು ಕಡೆಗೆ ವಾಲಿದ ರೋಗಿಯ ಮುಖ ಅಂಥ ಮಾದರಿಗೆ ಅಪರಿಚಿತ. 2020ರ ಇಟಿಎಚ್-ಎಕ್ಸ್‌ಗೇಜ್ ದತ್ತಾಂಶದಲ್ಲಿ 110 ಜನರ ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರಗಳಿದ್ದು, ತಲೆ ಬಹಳ ತಿರುಗಿದ ಭಂಗಿಗಳೂ ಸೇರಿವೆ. ಒರಗಿದ ವ್ಯಕ್ತಿಗೆ ಅದರಿಂದ ಕಲಿತ ಮಾದರಿ ಹೆಚ್ಚು ಹೊಂದುತ್ತದೆ.

ಉಳಿದ ತಪ್ಪಿಗೆ ತಕ್ಕ ಕೀಲಿಮಣೆ

ಎಲ್ಲವನ್ನೂ ಸರಿಪಡಿಸಿದ ಮೇಲೂ 2 ಡಿಗ್ರಿ ತಪ್ಪು ಉಳಿದರೆ, ಅದನ್ನು ಒಪ್ಪಿಕೊಂಡು ಪರದೆಯನ್ನು ಬದಲಿಸುವುದು ಸರಿಯಾದ ದಾರಿ. ಎರಡೂ ಪಕ್ಕಕ್ಕೆ 2.1 ಸೆಂ.ಮೀ. ತಪ್ಪಬಹುದಾದಲ್ಲಿ ಒಂದೊಂದು ಕೀಲಿ 4.2 ಸೆಂ.ಮೀ.ಗಿಂತ ಚಿಕ್ಕದಿರಬಾರದು. 15.6 ಇಂಚಿನ ಪರದೆಯಲ್ಲಿ ಅಷ್ಟು ದೊಡ್ಡ ಕೀಲಿಗಳು ಸಾಲಿಗೆ ಎಂಟರಂತೆ ನಾಲ್ಕು ಸಾಲು ಹಿಡಿಯುತ್ತವೆ, ಒಟ್ಟು 32. ಬರೆದದ್ದನ್ನು ತೋರಿಸುವ ಪಟ್ಟಿಗೆ ಜಾಗ ಬಿಟ್ಟರೆ ಇನ್ನೂ ಕಡಿಮೆ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳಿರುವುದರಿಂದ ಅವನ್ನೆಲ್ಲ ಒಂದೇ ಪರದೆಗೆ ತುರುಕಿದ ಕೀಲಿಮಣೆ ಎಷ್ಟೇ ಕ್ಯಾಲಿಬ್ರೇಷನ್ ಮಾಡಿದರೂ ತಪ್ಪು ಅಕ್ಷರವನ್ನೇ ಬೀಳಿಸುತ್ತದೆ. ನಾನು ಮೊದಲು ಕಟ್ಟಿದ್ದು ಅಂಥದನ್ನೇ, ಅದರ ತಪ್ಪನ್ನು ಕ್ಯಾಮೆರಾದಲ್ಲಿ ಹುಡುಕುತ್ತಾ ವಾರಗಟ್ಟಲೆ ಕಳೆದೆ.

ಆದರೆ ನಮ್ಮ ವರ್ಣಮಾಲೆಯ ಜೋಡಣೆಯೇ ಇಲ್ಲಿ ಕೈಹಿಡಿಯುತ್ತದೆ. ಸ್ವರಗಳು, ಕ ವರ್ಗ, ಚ ವರ್ಗ, ಟ ವರ್ಗ, ತ ವರ್ಗ, ಪ ವರ್ಗ ಮತ್ತು ಯ ದಿಂದ ಳ ವರೆಗಿನ ಅವರ್ಗೀಯಗಳು ಎಂದು ಮೊದಲ ಪರದೆಯಲ್ಲಿ ಏಳೇ ದೊಡ್ಡ ಚೌಕಗಳು ಸಾಕು. ಒಂದು ವರ್ಗವನ್ನು ಆರಿಸಿದರೆ ಅದರ ಐದು ಅಕ್ಷರಗಳು, ಅವರ್ಗೀಯಗಳಾದರೆ ಒಂಬತ್ತು, ಎರಡನೇ ಪರದೆಯಲ್ಲಿ ಬರುತ್ತವೆ. ಆಮೇಲೆ ಕಾಗುಣಿತದ ಚಿಹ್ನೆಗಳು ಮತ್ತು ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರದ ಕೀಲಿ. ಶಾಲೆಯಲ್ಲಿ ಕಲಿತ ಕ್ರಮವೇ ಆದ್ದರಿಂದ ಎಪ್ಪತ್ತು ದಾಟಿದ ದೊಡ್ಡಪ್ಪನವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಲಿಲ್ಲ. ಏಳು ಚೌಕಗಳ ಪರದೆಯಲ್ಲಿ ಪ್ರತಿ ಚೌಕ 8 ಸೆಂ.ಮೀ. ಅಗಲವಿರುವುದರಿಂದ 3 ಡಿಗ್ರಿ ತಪ್ಪಿದರೂ ನೋಟ ಚೌಕದೊಳಗೇ ಉಳಿಯುತ್ತದೆ. ನೋಟವನ್ನು ಎಷ್ಟು ಹೊತ್ತು ನಿಲ್ಲಿಸಿದರೆ ಆಯ್ಕೆಯಾಗಬೇಕು ಎಂಬುದನ್ನು ಮೊದಲ ವಾರ 1 ಸೆಕೆಂಡಿಗೆ ಇಟ್ಟು, ರೂಢಿಯಾದಂತೆ 700 ಮಿಲಿಸೆಕೆಂಡಿಗೆ ಇಳಿಸಿದೆವು.

ಬಾಣಗಳ ಹಾಳೆಯನ್ನು ವಾರಕ್ಕೊಮ್ಮೆ ಬರೆದು, ಅದರ ಮೇಲೆ ದಿನಾಂಕ, ಹೊತ್ತು, ಯಾವ ದೀಪ ಉರಿಯುತ್ತಿತ್ತು, ಕುರ್ಚಿ ಎಷ್ಟು ಒರಗಿತ್ತು, ಕನ್ನಡಕ ಇತ್ತೋ ಇಲ್ಲವೋ ಎಂಬ ಐದು ಸಂಗತಿಗಳನ್ನು ದಾಖಲಿಸಿ ಒಂದು ಫೈಲಿನಲ್ಲಿ ಇಡುತ್ತೇನೆ. ಹೊಸ ದೋಷ ಕಂಡ ದಿನ ಮೊದಲು ತೆರೆಯುವುದು ಆ ಫೈಲನ್ನು, ಕಳೆದ ಸಲ ಸರಿಯಿದ್ದ ಹಾಳೆಗೂ ಇಂದಿನದಕ್ಕೂ ನಡುವೆ ಈ ಐದರಲ್ಲಿ ಬದಲಾದದ್ದು ಯಾವುದೆಂದು ನೋಡಲು.